ಭಾನುವಾರದ ಚರ್ಚೆ: ಒಲಾಫುರ್ ಎಲಿಯಾಸನ್ ಅವರ ಸೂರ್ಯ

ಎಲ್ಲ ಸದಸ್ಯರಿಗೂ ನಮಸ್ಕಾರ.

ಈ ಭಾನುವಾರ ಸಂಜೆ 5 ಗಂಟೆಯ ವಿಡಿಯೊ ಸಭೆಯಲ್ಲಿ, ಕಲಾವಿದ ಒಲಾಫುರ್ ಎಲಿಯಾಸನ್ ಅವರು 2003ರಲ್ಲಿ ಲಂಡನ್ನಿನ ಕಲಾ ಸಂಗ್ರಹಾಲಯ ಟೇಟ್ ಮಾಡರ್ನ್‌ನಲ್ಲಿ ನಿರ್ಮಿಸಿದ್ದ ‘ದಿ ವೆದರ್ ಪ್ರಾಜೆಕ್ಟ್’ ಎಂಬ ಕಲಾಕೃತಿಯ ಕುರಿತು ಚರ್ಚಿಸಲಿದ್ದೇವೆ. ಅರ್ಧವೃತ್ತದ ಪರದೆಯ ಹಿಂದೆ ಸುಮಾರು 200 ಏಕವರ್ಣದ ದೀಪಗಳನ್ನಿಟ್ಟು, ಚಾವಣಿಗೆ ಕನ್ನಡಿ ಹೊದಿಸಿ, ಪ್ರತಿಬಿಂಬದಿಂದ ಪೂರ್ಣ ಸೂರ್ಯನನ್ನು ಮೂಡಿಸಿದ್ದ ಆ ಕೃತಿಯ ಮುಂದೆ ಹಳದಿ, ಕಪ್ಪು ಬಿಟ್ಟು ಬೇರೆ ಬಣ್ಣಗಳೇ ಕಾಣುತ್ತಿರಲಿಲ್ಲ. ಜನರು ನೆಲದ ಮೇಲೆ ಮಲಗಿ, ಕೃತಕ ಮಂಜಿನಾಚೆ ಚಾವಣಿಯ ಕನ್ನಡಿಯಲ್ಲಿ ಪುಟ್ಟದಾಗಿ ತೋರುತ್ತಿದ್ದ ತಮ್ಮನ್ನೇ ನೋಡಿಕೊಳ್ಳುತ್ತಿದ್ದರು. ತಂತ್ರವನ್ನು ಮುಚ್ಚಿಡದೆ, ದೀಪಗಳನ್ನು ಹಿಂದಿನಿಂದಲೂ ನೋಡಲು ಬಿಟ್ಟದ್ದೇ ಅದರ ದೊಡ್ಡತನವೆಂದು ನನ್ನ ಭಾವನೆ.

ಸಭೆಗೆ ಮುನ್ನ ಒಂದು ರಾತ್ರಿ ಹಳದಿ ಸೋಡಿಯಂ ಬೀದಿದೀಪದ ಕೆಳಗೆ ಕೆಂಪು, ನೀಲಿ ಬಟ್ಟೆಗಳನ್ನು ಹಿಡಿದು ನೋಡಿ, ಕಂಡದ್ದನ್ನು ಬರೆದಿಟ್ಟುಕೊಳ್ಳಿ. ಬರುವವರು ಶುಕ್ರವಾರದೊಳಗೆ ಇಲ್ಲಿಯೇ ತಿಳಿಸಬೇಕೆಂದು ವಿನಂತಿ. ಸಭೆಯ ಲಿಂಕ್ ಅನ್ನು ಶನಿವಾರ ಕಳುಹಿಸುತ್ತೇನೆ.