ಮನೆಯೋ, ಮಗಳ ಓದೋ ಎಂದು ಕೇಳಿದವಳಿಗೆ

ಧಾರವಾಡ

ಚಿ. ಸೌ. ಶೈಲಜಾಳಿಗೆ ನಿನ್ನ ಮಾಮಾ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಅದರ ಕೊನೆಯ ಪುಟದ ಒಂದು ಮಾತು ನನ್ನನ್ನು ಬಿಡದೆ ಕಾಡುತ್ತಿದೆ. ಮನೆ ಕೊಂಡರೆ ಮಗಳ ಓದಿಗೆ ಹಣ ಉಳಿಯುವುದಿಲ್ಲ, ಓದಿಗೆ ತೆಗೆದಿಟ್ಟರೆ ಬಾಡಿಗೆ ಮನೆಯಲ್ಲಿಯೇ ಮುಪ್ಪಾಗಬೇಕು, ನಮ್ಮಂಥವರು ಎರಡರಲ್ಲೊಂದನ್ನು ಬಿಡಲೇಬೇಕು ಎಂದು ಬರೆದಿದ್ದೀ. ಅದರ ಕೆಳಗೆಯೇ, ತಪ್ಪೆಲ್ಲ ನಿಮ್ಮಿಬ್ಬರ ಕೈಯದ್ದೆಂಬಂತೆ, ತಿಂಗಳ ಖರ್ಚಿನ ಪಟ್ಟಿಯನ್ನೂ ಇಟ್ಟಿದ್ದೀ. ಆ ಪಟ್ಟಿಯಲ್ಲಿ ದುಂದು ಎನ್ನಬಹುದಾದ ಒಂದು ಬಾಬೂ ನನಗೆ ಕಾಣಲಿಲ್ಲ.

ಎರಡರಲ್ಲೊಂದು ಎಂಬ ಮಾತು ನಮ್ಮ ಮನೆಯಲ್ಲಿ ಹಿಂದೆಯೂ ಬಂದಿತ್ತು. ಆಗ ಯಾರ ಓದು ಮುಂದುವರಿಯಿತು, ಯಾರದು ನಿಂತಿತು ಎಂಬುದನ್ನು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ತೀರ್ಮಾನ ಹಿರಿಯರದಾಗಿತ್ತು, ನಾನು ಚಿಕ್ಕವನಾಗಿದ್ದೆ. ಆದರೂ ಅಕ್ಕನ ಪಾಲನ್ನು ನಾನು ಉಂಡೆನೆಂಬ ನೋವು ಈ ವಯಸ್ಸಿನಲ್ಲಿಯೂ ಹೋಗಿಲ್ಲ. ಒಂದನ್ನು ಬಿಡಬೇಕಾಗಿ ಬಂದಾಗ ಹೆಣ್ಣುಮಗುವಿನದನ್ನೇ ಬಿಡುವುದು ನಮ್ಮ ಕಡೆಯ ರೂಢಿಯಾಗಿತ್ತು. ಅದಕ್ಕಾಗಿಯೇ ನಿನ್ನ ಆ ಸಾಲನ್ನು ಓದಿ ನನಗೆ ಭಯವಾಯಿತು.

ನನಗೆ ಓದೂ ದಕ್ಕಿತು, ಮನೆಯೂ ದಕ್ಕಿತು. ಮಾಮಾ ಹಿಡಿತದಿಂದ ಬದುಕಿದರು ಎಂದು ನೀವು ಹೇಳುತ್ತೀರಿ. ಆ ಮಾತು ಪೂರ್ತಿ ನಿಜವಲ್ಲ. ಕಾಲೇಜಿನ ಫೀ ಅಂದು ಬಡವರೂ ತೆರಬಹುದಾದಷ್ಟಿತ್ತು, ಏಕೆಂದರೆ ಉಳಿದುದನ್ನು ಸರ್ಕಾರ ಭರಿಸುತ್ತಿತ್ತು. ಊಟವನ್ನು ಮುರುಘಾಮಠದ ಪ್ರಸಾದ ನಿಲಯ ನೀಡಿತು. ಮಠದ ಸ್ವಾಮಿಗಳಾದ ಮೃತ್ಯುಂಜಯ ಅಪ್ಪಗಳು ಹಾಕಿಕೊಟ್ಟ ಆ ಪಂಕ್ತಿಯಲ್ಲಿ ಕುಳಿತು ಉಂಡ ಹಳ್ಳಿಯ ಹುಡುಗರು ಈ ಭಾಗದ ಕಚೇರಿ, ಶಾಲೆ, ಕೋರ್ಟುಗಳಲ್ಲೆಲ್ಲ ತುಂಬಿದ್ದರು. 1969ರಲ್ಲಿ 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡು ಹಳ್ಳಿಹಳ್ಳಿಗೆ ಶಾಖೆಗಳು ತೆರೆದುದರಿಂದ ನನಗೆ ನೌಕರಿ ಸಿಕ್ಕಿತು, ನೌಕರರಿಗೆಂದು ಕಡಿಮೆ ಬಡ್ಡಿಯಲ್ಲಿ ಕೊಡುತ್ತಿದ್ದ ಸಾಲದಿಂದ ಮನೆಯಾಯಿತು. ನನ್ನ ಉಳಿತಾಯ ಅದರಲ್ಲಿ ಚಿಕ್ಕ ಪಾಲು. ಹೀಗಿರುವಾಗ ನಿನಗೆ ಎರಡೂ ಕೈಗೆಟುಕದಿದ್ದರೆ ಅದನ್ನು ನಿನ್ನ ಅಳವಿನ ಕೊರತೆ ಎಂದು ಹೇಗೆ ಒಪ್ಪಲಿ?

ದೇಶದ ಆರ್ಥಿಕತೆ ಬೆಳೆಯುತ್ತಿದೆ ಎಂದು ದಿನವೂ ವಾದಿಸುತ್ತಾರೆ, ನಮ್ಮ ಮನೆಯಲ್ಲಿ ಮಾತ್ರ ಏಕೆ ಕಾಣುವುದಿಲ್ಲ ಎಂದು ಕೇಳಿದ್ದೀ. ಮೊದಲು ಬೆಳವಣಿಗೆಯಾಗಲಿ, ಆಮೇಲೆ ಶಾಲೆಗೂ ಸೂರಿಗೂ ಹಣ ತಾನಾಗಿ ಬರುತ್ತದೆ ಎನ್ನುವವರಿದ್ದಾರೆ. ಓದಿದ, ನೆಲೆಯಿರುವ ಜನರಿಂದಲೇ ಬೆಳವಣಿಗೆ ಎನ್ನುವವರೂ ಇದ್ದಾರೆ. ನಾನು ಎರಡನೆಯ ಪಕ್ಷದವನು. ಧಾರವಾಡದಲ್ಲಿ ಹಡಗಿನ ಬಂದರೂ ಇರಲಿಲ್ಲ, ಗಣಿಯೂ ಇರಲಿಲ್ಲ. 1917ರ ಕರ್ನಾಟಕ ಕಾಲೇಜು, ಆ ಮೇಲಿನ ವಿಶ್ವವಿದ್ಯಾಲಯ, ಇವುಗಳಿಂದಲೇ ಈ ಊರಿನ ಖಾನಾವಳಿ, ಪುಸ್ತಕದಂಗಡಿ, ಬಾಡಿಗೆ ಕೋಣೆಗಳೆಲ್ಲ ನಡೆದವು. ರಾಷ್ಟ್ರೀಯ ಆದಾಯದ ಶೇ. 6ರಷ್ಟನ್ನು ಶಿಕ್ಷಣಕ್ಕೆ ವೆಚ್ಚ ಮಾಡಬೇಕೆಂದು ಕೊಠಾರಿ ಆಯೋಗ 1966ರಲ್ಲಿ ಹೇಳಿತು. 1968, 1986, 2020ರ ನೀತಿಗಳು ಅದನ್ನೇ ಪುನಃ ಹೇಳಿದವು. ಸರ್ಕಾರಗಳ ವೆಚ್ಚ ಆ ಮಟ್ಟವನ್ನು ಇದುವರೆಗೆ ಮುಟ್ಟಿಲ್ಲ. ಮನೆಯ ವಿಷಯದಲ್ಲಿಯೂ ಹಾಗೆಯೇ. 2022ರೊಳಗೆ ಎಲ್ಲರಿಗೂ ಸೂರು ಎಂದು 2015ರಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆ ಬಂತು. ಅನೇಕರಿಗೆ ಮನೆಯಾದದ್ದು ನಿಜ, ಆದರೆ ಗುರಿ ಮುಟ್ಟದೆ 2024ರಲ್ಲಿ ಅದರ ಎರಡನೆಯ ಆವೃತ್ತಿಯನ್ನು ಆರಂಭಿಸಬೇಕಾಯಿತು. ಸರ್ಕಾರ ಹೊರದೆ ಉಳಿಸಿದ ಭಾರ ಎಲ್ಲಿಗೂ ಹೋಗುವುದಿಲ್ಲ. ಸಾಲದ ಕಂತಾಗಿ, ಡೊನೇಶನ್ನಾಗಿ ನಿನ್ನಂಥವರ ಮನೆಗೆ ಬರುತ್ತದೆ. ನೀನು ಹಾಕಿದ ಪಟ್ಟಿಯಲ್ಲಿ ನನಗೆ ಕಂಡದ್ದು ಅದು.

ಇದನ್ನೆಲ್ಲ ತಿಳಿದು ನಾನೇನು ಮಾಡಲಿ ಎಂದು ನೀನು ಕೇಳಿದರೆ ನನ್ನಲ್ಲಿರುವುದು ಸ್ವಲ್ಪವೇ. ಮಗಳಿಗೆ ಈಗ ಆರು ವರ್ಷ. ದೊಡ್ಡ ಓದಿನ ಖರ್ಚು ಬರುವುದು ಅವಳು ಹನ್ನೆರಡನೆಯ ತರಗತಿ ದಾಟಿದ ಮೇಲೆ. ಮನೆಗೆ ಕೈಯಿಂದ ಹಾಕಬೇಕಾದ ಹಣ ಬೇಕಾಗಿರುವುದು ಇಂದು. ಎರಡೂ ಒಂದೇ ವರ್ಷದಲ್ಲಿ ಎದುರಾಗುವುದಿಲ್ಲ. ಇಂದು ನಿನ್ನ ಮನೆಯ ಹಣಕ್ಕೆ ಅಡ್ಡ ನಿಂತಿರುವುದು ನಿನ್ನ ಪಟ್ಟಿಯಲ್ಲಿರುವ ಖಾಸಗಿ ಶಾಲೆಯ ಫೀ ಮಾತ್ರ. ಸರ್ಕಾರಿ ಶಾಲೆಗೆ ಕಳಿಸು ಎಂದು ಹೇಳಲು ನನಗೆ ಸಂಕೋಚವಾಗುತ್ತದೆ, ಏಕೆಂದರೆ ಬಡವರ ಮಕ್ಕಳಿಗೆ ಇಷ್ಟೇ ಸಾಕೆಂದು ಹೇಳಿದಂತಾಗಬಾರದು. ಆದರೂ ನಿಮ್ಮ ಓಣಿಯ ಸಮೀಪದ ಶಾಲೆಗೆ ಒಮ್ಮೆ ಹೋಗಿ, ಪಾಠ ನಡೆಯುವಾಗ ಕುಳಿತು ನೋಡು. 2019ರಿಂದ ಕೆಲವು ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳೂ ಇವೆ. ಆರನೆಯ ತರಗತಿಗೆ ಆದರ್ಶ ವಿದ್ಯಾಲಯ, ನವೋದಯಗಳ ಪ್ರವೇಶ ಪರೀಕ್ಷೆ ಇರುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯಂತೆ (ಆರ್.ಟಿ.ಇ.) ಖಾಸಗಿ ಶಾಲೆಯಲ್ಲಿ ಮೀಸಲಿಡುವ ಶೇ. 25ರ ಸೀಟನ್ನು ಮಾತ್ರ ನೆಚ್ಚಿಕೊಳ್ಳಬೇಡ. 2019ರ ನಿಯಮದಂತೆ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಅದು ಸಿಗುವುದಿಲ್ಲ. ಆ ನಿಯಮದಿಂದ ಸರ್ಕಾರಿ ಶಾಲೆ ಉಳಿಯುತ್ತದೆ ಎಂದರು. ಶಾಲೆಯನ್ನು ಉತ್ತಮಗೊಳಿಸದೆ ದಾರಿಯನ್ನಷ್ಟೇ ಮುಚ್ಚಿದರೆ ಅದು ಹೇಗೆ ಉಳಿಯುತ್ತದೆ ಎಂಬುದು ನನಗೆ ಅರ್ಥವಾಗಿಲ್ಲ.

ಅವಳ ಹೆಸರಿನಲ್ಲಿ ಅಂಚೆ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆ. ಹತ್ತು ವರ್ಷ ತುಂಬುವ ಮೊದಲು ತೆರೆಯಬೇಕು, ವರ್ಷಕ್ಕೆ ಕನಿಷ್ಠ 250 ರೂಪಾಯಿ ಕಟ್ಟಿದರೂ ಖಾತೆ ನಡೆಯುತ್ತದೆ. ಅದು ದೊಡ್ಡ ಮೊತ್ತವಾಗಲಿಕ್ಕಿಲ್ಲ, ನನಗೂ ಗೊತ್ತು. ಆದರೆ ಅವಳ ಓದಿನ ಹಣ ಅವಳ ಹೆಸರಿನಲ್ಲಿದ್ದರೆ ಮುಂದೆ ಯಾರೂ ಅದನ್ನು ಎರಡರಲ್ಲೊಂದರ ಲೆಕ್ಕಕ್ಕೆ ಎಳೆಯಲಾರರು. ಅಕ್ಕನ ಹೆಸರಿನಲ್ಲಿ ಅಂದು ಏನೂ ಇರಲಿಲ್ಲ. ಇನ್ನು ಪದವಿಯ ಹೊತ್ತಿಗೆ 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಆಸ್ತಿಯ ಅಡವು ಕೇಳುವಂತಿಲ್ಲ.

ಮನೆಯ ಬಗ್ಗೆ ಒಂದು ಮಾತು. ನಿಮ್ಮ ವಾರ್ಷಿಕ ಆದಾಯ 9 ಲಕ್ಷದೊಳಗಿದ್ದು, ಎಲ್ಲಿಯೂ ಪಕ್ಕಾ ಮನೆ ಇಲ್ಲದಿದ್ದರೆ, ಮೇಲೆ ಹೇಳಿದ 2024ರ ಹೊಸ ನಗರ ವಸತಿ ಯೋಜನೆಯಲ್ಲಿ ಬಡ್ಡಿಯ ಸಹಾಯಧನ 1.80 ಲಕ್ಷದವರೆಗೆ ಸಿಗಬಹುದು, ಬ್ಯಾಂಕಿನಲ್ಲಿ ವಿಚಾರಿಸು. ನಿವೇಶನದ ಬೆಲೆ ಏರುತ್ತಲೇ ಇದ್ದರೆ ಬಡ್ಡಿಯ ರಿಯಾಯಿತಿ ಎಷ್ಟು ನೆರವಾಗುತ್ತದೆ ಎಂಬುದು ಬೇರೆ ಪ್ರಶ್ನೆ, ಆದರೂ ಬರುವುದನ್ನು ಬಿಡಬೇಡ. ಕಡಿಮೆ ಬೆಲೆಗೆ ಗುಂಟೆ ಪ್ಲಾಟು ಸಿಗುತ್ತಿದೆ ಎಂದು ಬರೆದಿದ್ದೀ. ಎನ್.ಎ. ಆಗದ, ಅಂದರೆ ಕೃಷಿಯೇತರ ಬಳಕೆಗೆ ಪರಿವರ್ತನೆಯಾಗದ, ಬಾಂಡ್ ಕಾಗದದ ಮೇಲೆ ಮಾರುವ ಜಾಗಕ್ಕೆ ಬ್ಯಾಂಕು ಸಾಲ ಕೊಡುವುದಿಲ್ಲ. ಮನೆಯೂ ಇಲ್ಲದೆ ಓದಿನ ಹಣವೂ ಹೋಗುವ ದಾರಿ ಅದೊಂದೇ. ಸಂಚಕಾರದ ಮುಂಗಡ ಹಣ ಕೊಡುವ ಮೊದಲು ಉತಾರದ (ಜಮೀನಿನ ಹಕ್ಕಿನ ದಾಖಲೆ) ನಕಲನ್ನೂ ಎನ್.ಎ. ಆದೇಶವನ್ನೂ ನನಗೆ ಕಳಿಸು, ಕೊಡುವುದಕ್ಕೆ ಅವಸರ ಮಾಡಬೇಡಿರೆಂದು ನಿನ್ನ ಯಜಮಾನರಿಗೂ ತಿಳಿಸು.

ನಿನ್ನ ಮಾಮಾ