ನೆಟ್ಟಗೆ ನಿಲ್ಲೋಕೆ ಬಂತು, ಈಗ ಥ್ಯಾಂಕ್ಸ್ ಹೇಳಬೇಕು

ಆಪರೇಷನ್ ಆದಮೇಲೆ ಹೊಟ್ಟೆಗೆ ಕಟ್ಟಿಕೊಳ್ಳುತ್ತಿದ್ದ ಬೆಲ್ಟ್ ಇನ್ನು ಬೇಡ ಅಂತ ಡಾಕ್ಟರು ಹೇಳಿದರು. ಭಾರ ಎತ್ತುವುದನ್ನೂ ನಿಧಾನಕ್ಕೆ ಶುರು ಮಾಡಬಹುದಂತೆ. ಇಷ್ಟು ದಿನ ಫೋನ್ ಮಾಡಿದವರಿಗೆಲ್ಲ "ಪರವಾಗಿಲ್ಲ, ಚೆನ್ನಾಗಿದೀನಿ" ಅಂತ ಒಂದೇ ಉತ್ತರ ಕೊಟ್ಟಿದ್ದೆ. ಇವತ್ತು ಪೂರ್ತಿ ಬರೆಯೋಣ ಅನ್ನಿಸಿತು.

ಹತ್ತಿರದವರಿಗೆ ಏನು, ಯಾಕೆ ಅಂತ ಗೊತ್ತು. ಉಳಿದವರಿಗೆ ಹರ್ನಿಯಾ ಅಂದಿದ್ದೆವು. ಹೊಕ್ಕುಳ ಹತ್ತಿರ ಸಣ್ಣದೊಂದು ಹರ್ನಿಯಾ ಇದ್ದದ್ದು ನಿಜವೇ. ಆದರೆ ಮುಖ್ಯವಾಗಿ ಮಾಡಿಸಿಕೊಂಡಿದ್ದು ಟಮ್ಮಿ ಟಕ್, ಅಂದರೆ ಹೊಟ್ಟೆಯ ಸಡಿಲ ಚರ್ಮ ತೆಗೆದು ಸ್ನಾಯು ಬಿಗಿದು ಹೊಲಿಯುವ ಆಪರೇಷನ್. ಅವಳಿ ಮಕ್ಕಳ ಬಸುರಿನಲ್ಲಿ ಎರಡು ಕಡೆಗೆ ಸರಿದ ಹೊಟ್ಟೆಯ ಸ್ನಾಯು ಮತ್ತೆ ಒಂದಾಗಲಿಲ್ಲ. ಮಕ್ಕಳು ಯುಕೆಜಿಗೆ ಬಂದರೂ ಬಸ್ಸಿನಲ್ಲಿ ನನಗೆ ಸೀಟು ಬಿಟ್ಟುಕೊಡುತ್ತಿದ್ದರು, "ಎಷ್ಟು ತಿಂಗಳು?" ಅಂತ ಕೇಳುತ್ತಿದ್ದರು. "ವಾಕಿಂಗ್ ಮಾಡಿದ್ರೆ ಸಾಕಿತ್ತಲ್ವಾ?" ಅನ್ನುವವರಿಗೆ ಇಲ್ಲಿ ಉತ್ತರ ಬರೆಯಲು ಹೋಗುವುದಿಲ್ಲ.

ಕಾಯಿಲೆ ಬಿದ್ದರೆ ಜನ ನೋಡೋಕೆ ಬರುತ್ತಾರೆ, ಎಳನೀರು ತರುತ್ತಾರೆ. ನಾವೇ ಬೇಕು ಅಂತ ಹೋಗಿ ಹೊಟ್ಟೆ ಕೊಯ್ಸಿಕೊಂಡರೆ ನೋವು ಅನ್ನೋಕೂ ಬಾಯಿ ಬರಲ್ಲ. ಇನ್ಶೂರೆನ್ಸ್‌ನವರು ಹರ್ನಿಯಾದ ಪಾಲು ಮಾತ್ರ ಕೊಟ್ಟು ಉಳಿದದ್ದು ಚಂದಕ್ಕೆ ಮಾಡಿಸಿದ್ದು ಅಂದರು. ಸರ್ಕಾರದ ಲೆಕ್ಕವೂ ಹಾಗೇ. ಕಾಯಿಲೆಗೆ ಮಾಡುವ ಆಪರೇಷನ್‌ಗಳಿಗೆ ಇಲ್ಲದ ಶೇ. 18ರ ಜಿಎಸ್‌ಟಿ ಇದಕ್ಕೆ ಇದೆ. ಬಿಲ್ ನೋಡಿ ನಮ್ಮ ಯಜಮಾನರು, "ಶೋಕಿಗೆ ಟ್ಯಾಕ್ಸ್ ಕಟ್ಟಿದೀವಿ, ಇನ್ನು ಧೈರ್ಯವಾಗಿ ನರಳು" ಅಂದರು. ನಗಬೇಡಿ ಅಂತ ಕೈ ಮುಗಿದೆ. ಆಗ ನಕ್ಕರೆ ಹೊಲಿಗೆ ಎಳೆಯುತ್ತಿತ್ತು.

ಅವರಿಗೆ ಮೊದಲ ಥ್ಯಾಂಕ್ಸ್. ಎರಡು ಟಿಫಿನ್ ಬಾಕ್ಸ್, ಎರಡು ಜಡೆ, ಎರಡು ಜೊತೆ ಸಾಕ್ಸು, ಎಲ್ಲ ಕಲಿತರು. ಜಡೆ ಮಾತ್ರ ಶಾಲೆ ತಲುಪುವ ಹೊತ್ತಿಗೆ ಬಿಚ್ಚಿಹೋಗುತ್ತಿತ್ತಂತೆ. ಅತ್ತೆಗೆ ಈ ಆಪರೇಷನ್ ಇಷ್ಟವಿರಲಿಲ್ಲ, ಆದರೂ ಒಂದು ಮಾತು ಆಡಲಿಲ್ಲ. ದಿನಾ ಪಪ್ಪಾಯ ಹೆಚ್ಚಿ, ಮಜ್ಜಿಗೆ ಮಾಡಿ ತಂದಿಟ್ಟರು (ನೋವಿನ ಮಾತ್ರೆ ಜಾಸ್ತಿ ದಿನ ತಗೊಂಡು ಮಲಬದ್ಧತೆ ಆದವರಿಗೆ ಇದರ ಬೆಲೆ ಗೊತ್ತು), ನವರಾತ್ರಿಯ ಗೊಂಬೆಗಳನ್ನೂ ಒಬ್ಬರೇ ಕೂರಿಸಿದರು. ಹಾಸನದಿಂದ ದಿನಾ ವಿಡಿಯೋ ಕಾಲ್ ಮಾಡಿದ ಅಮ್ಮ, ಇಪ್ಪತ್ತು ಲೀಟರಿನ ನೀರಿನ ಕ್ಯಾನ್ ಒಳಗೆ ತಂದಿಟ್ಟು ಹೋಗುತ್ತಿದ್ದ ಮಹಡಿ ಮನೆಯ ಹುಡುಗರು, ಎರಡು ದೋಸೆ ಜಾಸ್ತಿ ಹುಯ್ದು ಕಳಿಸಿದ ಎದುರುಮನೆ ಆಂಟಿ, ಡಾಕ್ಟರು, ನರ್ಸಮ್ಮಂದಿರು, ಆಫೀಸಿನವರು, ಎಲ್ಲರಿಗೂ ಕೈ ಮುಗಿದಿದ್ದೇನೆ. ಆಸ್ಪತ್ರೆಯಿಂದ ಮನೆಗೆ ಕರೆತಂದ ಆಟೋ ಅಣ್ಣನ ಹೆಸರು ಕೇಳಲಿಲ್ಲ. ಪ್ರತಿ ಹಂಪ್ ಬಂದಾಗಲೂ ಗಾಡಿ ಪೂರ್ತಿ ನಿಲ್ಲಿಸಿ, "ದಿಂಬು ಒತ್ತಿ ಹಿಡ್ಕೊಳಿ ಮೇಡಂ" ಅಂತ ಹೇಳಿ ಆಮೇಲೆ ಹತ್ತಿಸುತ್ತಿದ್ದರು. ಬೆಂಗಳೂರಿನಲ್ಲಿ ಎಷ್ಟು ಹಂಪ್ ಇವೆ ಅಂತ ನಿಮಗೇ ಗೊತ್ತು.

ಈಗ ಅಕ್ಕನ ವಿಷಯ.

ಅಕ್ಕ ಅಂದರೆ ನನ್ನ ವಾರಗಿತ್ತಿ, ಭಾವನವರ ಹೆಂಡತಿ. ಹೆಸರು ಹಾಕಬೇಡ ಅಂತ ಮೊದಲೇ ಎಚ್ಚರಿಸಿದ್ದಾರೆ. ಹನುಮಂತನಗರದ ಒಂದು ಅಡ್ಡರಸ್ತೆಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿದ್ದಾರೆ. ನಾವಿಬ್ಬರೂ ಅಷ್ಟೇನೂ ಹತ್ತಿರ ಇರಲಿಲ್ಲ. ಹಬ್ಬಕ್ಕೆ ಸೇರುವುದು, ಅರಿಶಿನ ಕುಂಕುಮ ಕೊಟ್ಟುಕೊಳ್ಳುವುದು, ಹೇಳಿದ ದಿನ ಬ್ಲೌಸ್ ಕೊಡಲಿಲ್ಲ ಅಂತ ನಾನು ಮುನಿಸಿಕೊಳ್ಳುವುದು, ಇಷ್ಟೇ ಇತ್ತು. ದಸರಾ ಮುಂದೆ ಬ್ಲೌಸ್ ಹೊಲಿಯುವವರಿಗೆ ಊಟಕ್ಕೂ ಪುರುಸೊತ್ತು ಇರುವುದಿಲ್ಲ. ನಾನು ಮನೆಗೆ ಬಂದ ದಿನ ಅಕ್ಕ ಹೆಮ್ಮಿಂಗು, ಹುಕ್ಕು ಬಾಕಿ ಇದ್ದ ಬ್ಲೌಸ್‌ಗಳನ್ನು ಚೀಲದಲ್ಲಿ ತುಂಬಿಕೊಂಡು ಬಂದುಬಿಟ್ಟರು. "ಇಲ್ಲೇ ಕೂತು ಮಾಡ್ತೀನಿ" ಅಂದರು. ಯಾರೂ ಕರೆದಿರಲಿಲ್ಲ.

ಹೊಟ್ಟೆಯ ಎರಡೂ ಕಡೆ ಗಾಯದ ನೀರು ಹೊರಗೆ ಬರಲು ಡ್ರೈನ್ ಪೈಪು, ಅದರ ತುದಿಗೆ ಡಬ್ಬಿ. ಎಲ್ಲಿ ಹೋದರೂ ಎರಡನ್ನೂ ಕೈಯಲ್ಲಿ ಹಿಡಿದುಕೊಂಡೇ ಓಡಾಡಬೇಕು. ಅಕ್ಕ ಒಂದು ಗಳಿಗೆ ನೋಡಿದರು. ಲೈನಿಂಗ್ ಬಟ್ಟೆಯಲ್ಲಿ ಎರಡು ಜೇಬಿನ ಚೀಲ ಹೊಲಿದು, ಲಾಡಿ ಹಾಕಿ, ನನ್ನ ಕುತ್ತಿಗೆಗೆ ನೇತುಹಾಕಿದರು. ಕೈ ಎರಡೂ ಬಿಡುವಾದವು. ಡ್ರೆಸ್ಸಿಂಗ್ ಬದಲಿಸುವಾಗ ಗಾಯ ನೋಡೋಕೆ ಹೆದರಿ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಅಕ್ಕ ಬಗ್ಗಿ ಈ ಸೊಂಟದಿಂದ ಆ ಸೊಂಟದವರೆಗೆ ನೋಡಿ, "ಒಂದು ಕಡೆಯೂ ಸುಕ್ಕು ಬಿದ್ದಿಲ್ಲ, ಕೈ ಚೆನ್ನಾಗಿದೆ ಡಾಕ್ಟರದು" ಅಂದರು. ಡಾಕ್ಟರಿಗೆ ಇದನ್ನು ಹೇಳಿದೆ. ಬಹಳ ಖುಷಿಪಟ್ಟರು.

ಮನೆಗೆ ಬಂದ ಎರಡನೆಯ ರಾತ್ರಿ ಮಗಳೊಬ್ಬಳಿಗೆ ಜ್ವರ. ಇವರು ಮಕ್ಕಳ ಜೊತೆ ಒಳಗೆ ಮಲಗಿದ್ದರು. ಹಾಲಿನಲ್ಲಿ ದಿಂಬು ಒರಗಿಸಿ, ಮಂಡಿ ಕೆಳಗೆ ಇನ್ನೆರಡು ಇಟ್ಟು, ಅರ್ಧ ಕೂತ ಹಾಗೆ ನಾನು. ಕೆಳಗೆ ಚಾಪೆ ಮೇಲೆ ಅಕ್ಕ. ನಡುರಾತ್ರಿ ಕೆಮ್ಮು ಶುರುವಾಯಿತು. ಅರಿವಳಿಕೆಗೆ ಗಂಟಲಲ್ಲಿ ಪೈಪು ಹಾಕಿದ್ದರಿಂದ ಹಾಗಾಗುತ್ತೆ ಅಂದಿದ್ದರು. ಆದರೆ ಒಂದೊಂದು ಕೆಮ್ಮಿಗೂ ಹೊಟ್ಟೆ ಬಿಚ್ಚಿಕೊಂಡಿತು ಅನ್ನಿಸುತ್ತಿತ್ತು. ಹೆದರಿ ಕೆಮ್ಮು ತಡೆದರೆ ಉಸಿರು ಕಟ್ಟುತ್ತಿತ್ತು. ಅದರ ಮೇಲೆ ಕರೆಂಟ್ ಹೋಯಿತು. ಅಕ್ಕ ಎದ್ದು ಬೆಡ್‌ಶೀಟ್ ಮಡಿಸಿ ಹೊಟ್ಟೆ ಮೇಲಿಟ್ಟು, ಎರಡೂ ಅಂಗೈ ಊರಿ, "ಹೂಂ, ಈಗ ಕೆಮ್ಮು" ಅಂದರು. ಕೆಮ್ಮಿದೆ. ಕೈ ತೆಗೆಯಲಿಲ್ಲ. "ಇನ್ನೊಂದು ಸಲ" ಅಂದರು. ಎಷ್ಟು ಹೊತ್ತು ಹಾಗೆ ಕೂತಿದ್ದರೋ ಗೊತ್ತಿಲ್ಲ.

ಕೆಮ್ಮು ನಿಂತ ಮೇಲೆ ಅಳು ಬಂತು. "ನಂಗೇನು ರೋಗ ಇತ್ತು ಅಕ್ಕಾ? ಒಳಗೆ ಮಗು ಜ್ವರ ಬಂದು ಮಲಗಿದೆ, ಎತ್ತಿಕೊಳ್ಳೋಕಾಗಲ್ಲ. ದುಡ್ಡು ಕೊಟ್ಟು ಮಾಡಿಸಿಕೊಂಡೆನಲ್ಲಾ ಇದನ್ನ" ಅಂತ ಏನೇನೋ ಅಂದೆ. ನನ್ನ ಮೇಲೆ ನನಗೇ ಅಷ್ಟು ಅಸಹ್ಯ ಹಿಂದೆಂದೂ ಆಗಿರಲಿಲ್ಲ. ಆ ಹಳೇ ಹೊಟ್ಟೆಯೇ ವಾಪಸ್ ಬೇಕು ಅನ್ನಿಸಿತ್ತು. ಅಕ್ಕ ಸಮಾಧಾನ ಹೇಳಲಿಲ್ಲ. "ಅಳಬೇಡ, ಹೊಲಿಗೆ ಎಳೆಯುತ್ತೆ. ಮುಂದಿನ ತಿಂಗಳು ಅಳುವಿಯಂತೆ" ಅಂದರು. ಆಮೇಲೆ ಫೋನಿನ ಬೆಳಕಿನಲ್ಲಿ ಡ್ರೈನ್ ಡಬ್ಬಿ ಖಾಲಿ ಮಾಡಿ, ಎಷ್ಟು ಎಂಎಲ್ ಅಂತ ತಮ್ಮ ಅಳತೆ ಪುಸ್ತಕದಲ್ಲಿ ಬರೆದರು. ಯಾರದೋ ತೋಳುದ್ದ, ಎದೆಸುತ್ತಿನ ಪಕ್ಕದಲ್ಲಿ ನನ್ನ ಎಡ, ಬಲ. ಬರೆಯುತ್ತಾ ತಮ್ಮ ಪಾಡಿಗೆ ಅಂದರು, "ಸೊಂಟಕ್ಕೆ ಟೇಪು ಸುತ್ತಿದ ಕೂಡಲೇ ಹೊಟ್ಟೆ ಒಳಗೆ ಎಳೆದುಕೊಳ್ಳದ ಹೆಂಗಸನ್ನ ನಾನಿನ್ನೂ ನೋಡಿಲ್ಲ. ನೀನೊಬ್ಬಳೇ ಅಲ್ಲ, ಸುಮ್ನಿರು."

ಕಾಲಲ್ಲಿ ರಕ್ತ ಹೆಪ್ಪುಗಟ್ಟಬಾರದು, ಆಗಾಗ ಎದ್ದು ನಡೆಯಬೇಕು ಅಂತ ಡಾಕ್ಟರು ಹೇಳಿದ್ದರು. ಅದನ್ನೂ ಬಿಡಲಿಲ್ಲ. ಆ ಕತ್ತಲಲ್ಲೇ ಎಬ್ಬಿಸಿ ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲಿಗೆ ನಡೆಸಿದರು. ಹೊಟ್ಟೆ ಬಿಗಿದಿದ್ದರಿಂದ ನಾನು ನಡು ಬಗ್ಗಿಸಿಕೊಂಡೇ ನಡೆಯಬೇಕಿತ್ತು. ನನ್ನ ಕೈ ಹಿಡಿಯಲು ಅಕ್ಕನೂ ಬಗ್ಗಿದ್ದರು. ಬೆಳಿಗ್ಗೆ ನಾನು ನಿದ್ದೆ ಹೋದಾಗ ಅವರು ಹುಕ್ಕು ಹಾಕಲು ಕೂತಿದ್ದರಂತೆ.

ಆ ಸಲ ದಸರಾಕ್ಕೆ ಬ್ಲೌಸ್ ಸಿಗದೆ ಗೊಣಗಿದ ಹನುಮಂತನಗರ, ಶ್ರೀನಗರದ ಅಕ್ಕತಂಗಿಯರೇ, ಕಾರಣ ನಾನು. ನಿಮಗೂ ಥ್ಯಾಂಕ್ಸ್.

ಈಗ ಹೇಗಿದ್ದೀನಿ ಅಂತ ಕೇಳುವವರಿಗೆ: ಸಂಜೆಯಾದರೆ ಹೊಟ್ಟೆ ಇನ್ನೂ ಊದಿಕೊಳ್ಳುತ್ತದೆ. ಹೊಕ್ಕುಳ ಕೆಳಗೆ ಮುಟ್ಟಿದರೆ ಗೊತ್ತಾಗುವುದಿಲ್ಲ. ಗಾಯದ ಗೆರೆ ತಿಳಿಯಾಗಲು ವರ್ಷವೇ ಬೇಕಂತೆ. ಮಕ್ಕಳನ್ನು ಎತ್ತುವ ಹಾಗಿರಲಿಲ್ಲ, ಹಾಗಾಗಿ ಅವೇ ಸ್ಟೂಲ್ ಹತ್ತಿ ಬಂದು ನನ್ನನ್ನು ತಬ್ಬಿಕೊಳ್ಳುವುದು ಕಲಿತಿವೆ. ಕಾರ್ತಿಕದ ಕಡೇ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೂ ಹೋಗಿಬಂದೆವು. ಒಬ್ಬಳು ಇವರ ಹೆಗಲ ಮೇಲೆ, ಇನ್ನೊಬ್ಬಳು ಭಾವನವರ ಹೆಗಲ ಮೇಲೆ. ನಾನು ಬೆಲ್ಟ್ ಬಿಗಿದುಕೊಂಡು ಆ ಜನಜಂಗುಳಿಯಲ್ಲಿ ನೆಟ್ಟಗೆ ನಡೆದೆ. ಮುಂದೆ ಅಕ್ಕ ಮೊಣಕೈ ಚಾಚಿ ದಾರಿ ಬಿಡಿಸುತ್ತಾ ಹೋಗುತ್ತಿದ್ದರು. ಒಂದು ಸೇರು ಹಸಿ ಕಡಲೆಕಾಯಿಗೆ ಇಷ್ಟು ರೇಟಾ ಅಂತ ಜಗಳವನ್ನೂ ಆಡಿದರು.

ಕಡೆಯದಾಗಿ ಒಂದು ವಿಷಯ. ಯಾವ ಆಪರೇಷನ್ ಆದರೂ ಸರಿ, ಡ್ರೈನ್ ಹಾಕಿಕೊಂಡು ಮನೆಗೆ ಬರುವವರು ನಿಮ್ಮಲ್ಲಿ ಯಾರಾದರೂ ಇದ್ದರೆ ನನಗೆ ತಿಳಿಸಿ. ಜೇಬಿನ ಚೀಲ ಹೊಲಿದು ಕೊಡುತ್ತೇನೆ, ದುಡ್ಡು ಬೇಡ ಅಂತ ಅಕ್ಕ ಹೇಳಿದ್ದಾರೆ. ಎತ್ತರ ಎಷ್ಟು ಅಂತ ಹೇಳಿದರೆ ಲಾಡಿ ಉದ್ದ ಅವರೇ ನೋಡಿಕೊಳ್ಳುತ್ತಾರೆ. ಮದುವೆ ಸೀಸನ್‌ನಲ್ಲಿ ಕೇಳಿದರೆ ಬೈಸಿಕೊಳ್ಳಲು ರೆಡಿ ಇರಿ, ಚೀಲ ಮಾತ್ರ ಸಿಗುತ್ತೆ.