ಮಗುವಿನ ಲಸಿಕೆ ದಿನ ತಾಯಿಯ ಮೂತ್ರವನ್ನೂ ನೋಡಿ

ಆಸ್ಟ್ರೇಲಿಯಾದ ನಾರ್ದರ್ನ್ ಟೆರಿಟರಿಯ ಆರೋಗ್ಯ ಸಚಿವರಿಗೆ,

ಮಾನ್ಯರೇ,

ನಿಮಗೆ ಇಂಗ್ಲಿಷಿನಲ್ಲಿ ಬೇರೆ ಬರೆದಿದ್ದೇನೆ. ಇದು ಕನ್ನಡದಲ್ಲಿರುವುದು, ಇಲ್ಲಿಗೆ ಕೆಲಸಕ್ಕೆ ಬಂದಿರುವ ನಮ್ಮ ಕಡೆಯ ನರ್ಸುಗಳೂ ಓದಲಿ ಅಂತ.

ನಾನು ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಡಯಾಲಿಸಿಸ್ ನರ್ಸ್. ವಾರಕ್ಕೆ ಮೂರು ದಿನ ಬಂದು ಕೂರುವ ಅಬೊರಿಜಿನಲ್ (ಇಲ್ಲಿನ ಮೂಲನಿವಾಸಿ) ಹೆಂಗಸರಲ್ಲಿ ಕೆಲವರು ಇನ್ನೂ ನಲವತ್ತು ದಾಟಿಲ್ಲ. ಸೂಜಿ ಹಾಕುವ ಮೊದಲು ಅವರ ತೋಳಿನ ಫಿಸ್ಟುಲಾ, ಅಂದರೆ ಡಯಾಲಿಸಿಸ್‌ಗೆಂದು ಎರಡು ರಕ್ತನಾಳ ಜೋಡಿಸಿದ ಜಾಗದ ಮೇಲೆ ಬೆರಳಿಟ್ಟು ನೋಡುತ್ತೇನೆ. ರಕ್ತ ಹರಿದು ಒಳಗೆ ಗುಂಯ್ ಅನ್ನಬೇಕು. ಒಬ್ಬಾಕೆ ನಕ್ಕು ಹೇಳಿದಳು, "ನನ್ನ ಚಿಕ್ಕ ಮಗ ಇದಕ್ಕೆ ಕಿವಿ ಕೊಟ್ಕೊಂಡೇ ನಿದ್ದೆ ಮಾಡ್ತಾನೆ." ಮೊದಲ ಬಸುರಿನಲ್ಲೇ ಆಕೆಗೆ ಸಕ್ಕರೆ ಇತ್ತಂತೆ. ಹೆರಿಗೆ ಆಯ್ತು, ಊರಿಗೆ ಹೋದಳು. ಆಮೇಲೆ ಯಾರೂ ಕೇಳಲಿಲ್ಲ.

ಬಸುರಿನ ಸಕ್ಕರೆ ಹೆರಿಗೆಯಾದ ಮೇಲೆ ಇಳಿಯುತ್ತದೆ, ನಿಜ. ಎಷ್ಟೋ ಜನರಿಗೆ ಅದು ಕೆಲವೇ ವರ್ಷಗಳಲ್ಲಿ ಟೈಪ್ 2 ಸಕ್ಕರೆ ಕಾಯಿಲೆಯಾಗಿ ವಾಪಸ್ ಬರುತ್ತದೆ. ಬಸುರಾಗುವ ಮೊದಲೇ ಟೈಪ್ 2 ಇರುವ ಹುಡುಗಿಯರೂ ಇಲ್ಲಿ ಕಡಿಮೆಯಿಲ್ಲ. ಸಕ್ಕರೆಯಿಂದ ಕಿಡ್ನಿ ಕೆಡುವಾಗ ನೋವೇ ಇರುವುದಿಲ್ಲ. ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಸೋರುವುದೇ ಮೊದಲ ಸುಳಿವು. ಆಗಲೇ ಹಿಡಿದರೆ ಮಾತ್ರೆಗಳಿವೆ, ಡಯಾಲಿಸಿಸ್ ಕುರ್ಚಿಯನ್ನು ವರ್ಷಗಟ್ಟಲೆ ದೂರ ಇಡಬಹುದು.

ಹೆರಿಗೆಯಾಗಿ 6ರಿಂದ 12 ವಾರದೊಳಗೆ ಮತ್ತೆ ಗ್ಲೂಕೋಸ್ ಟೆಸ್ಟಿಗೆ ಬನ್ನಿ ಅಂತೀವಿ. ಖಾಲಿ ಹೊಟ್ಟೆ. 75 ಗ್ರಾಂ ಗ್ಲೂಕೋಸ್ ಕದಡಿದ, ವಾಕರಿಕೆ ಬರಿಸುವ ಸಿಹಿ ನೀರು. ಎರಡು ಗಂಟೆ ಅಲ್ಲೇ ಕೂರಬೇಕು, ಮಡಿಲಲ್ಲಿ ಅಳುವ ಕೂಸು. ಬರಲಿಲ್ಲ ಅಂತ ಫೈಲಲ್ಲಿ ಬರೆದುಬಿಡೋದು ಸುಲಭ, ಅಲ್ವಾ?

ಇಲ್ಲಿನ ಪಶ್ಚಿಮ ಮರುಭೂಮಿಯ ಅಬೊರಿಜಿನಲ್ ಜನ 2000ದಲ್ಲಿ ತಮ್ಮ ಚಿತ್ರಗಳನ್ನು ಹರಾಜಿಗಿಟ್ಟು 10 ಲಕ್ಷ ಡಾಲರಿಗೂ ಜಾಸ್ತಿ ಕೂಡಿಸಿದರು, ಕಿಂಟೋರ್‌ನಂಥ ತಮ್ಮೂರಲ್ಲೇ ಡಯಾಲಿಸಿಸ್ ಸಿಗಲಿ ಅಂತ. ಇವತ್ತು ಅವರದೇ ಡಯಾಲಿಸಿಸ್ ಸಂಸ್ಥೆಯಾದ ಪರ್ಪಲ್ ಹೌಸ್ ಬೆಳೆದದ್ದು ಆ ದುಡ್ಡಿನಿಂದ. ಇವರಿಗೆ ಆರೋಗ್ಯದ ಮೇಲೆ ಕಾಳಜಿ ಇಲ್ಲ ಅನ್ನುವವರು ಸಿಕ್ಕಾಗಲೆಲ್ಲ ನಾನು ಇದನ್ನೇ ಹೇಳುತ್ತೇನೆ.

ನಾನು ಕೇಳುವುದು ಅಷ್ಟು ದೊಡ್ಡದಲ್ಲ. ಕೂಸನ್ನು ಎತ್ತಿಕೊಂಡು ತಾಯಿ 4ನೇ ತಿಂಗಳ ಲಸಿಕೆಗೆ ಬಂದಾಗ, ಅವಳ ಬೆರಳಿಂದಲೂ ಒಂದು ಹನಿ ರಕ್ತ ತೆಗೆದು ಎಚ್‌ಬಿಎ1ಸಿ (ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಟೆಸ್ಟ್) ನೋಡಿ. ಒಂದು ಕಪ್ ಮೂತ್ರದಲ್ಲಿ ಅಲ್ಬುಮಿನ್ ನೋಡಿ. 12ನೇ ತಿಂಗಳಿಗೆ ಇನ್ನೊಮ್ಮೆ, ಆಮೇಲೆ ವರ್ಷಕ್ಕೊಂದು ಸಲ. ಅವಳ ಭಾಷೆ ಬಲ್ಲ ಅಬೊರಿಜಿನಲ್ ಆರೋಗ್ಯ ಕಾರ್ಯಕರ್ತೆಯೇ ಇದನ್ನು ಮಾಡಲಿ, ಅದಕ್ಕೆ ಸಂಬಳದ ಹಣ ಬಜೆಟ್ಟಿನಲ್ಲಿ ಬೇರೆಯಾಗಿ ಇಡಿ. ಇದ್ದವರ ತಲೆ ಮೇಲೇ ಹೇರಬೇಡಿ.

ಇಂತಿ,
ಬೆಳಗಿನ ಪಾಳಿಯ ಒಬ್ಬ ನರ್ಸ್